ಅಪ್ಪನ ಹೆಗಲೇರಿದ ನಂಬಿಕೆ

ತಿಳಿವಳಿಕೆ ಬಾರದ ಮಗುವನ್ನು ಜಾತ್ರೆಗೆ, ಉರುಸಿಗೆ ಕರೆದೊಯ್ಯುವ ತಂದೆತಾಯಿ ತಮ್ಮ ದೇವರನ್ನು ಅದರ ತಲೆಗೆ ಕಟ್ಟುತ್ತಿದ್ದಾರೆಯೇ? ವಿಚಾರವಾದಿಗಳ ಈ ಪ್ರಶ್ನೆಯನ್ನು ಕಲಬುರಗಿಯಂಥ ಊರಿನಲ್ಲಿ ನಿಂತು ತಳ್ಳಿಹಾಕುವುದು ಸುಲಭವಲ್ಲ. ಹೋಳಿ ಹುಣ್ಣಿಮೆ ಕಳೆದು ಶರಣಬಸವೇಶ್ವರರ ತೇರು ಹೊರಟಾಗ, ಕಮಲಾಪುರದ ಕಡೆಯಿಂದಲೋ ಜೇವರ್ಗಿಯ ಕಡೆಯಿಂದಲೋ ಬಂದವರ ಹೆಗಲ ಮೇಲೆ ಮಕ್ಕಳಿರುತ್ತಾರೆ. ಅಪ್ಪ ಕೈಗಿಟ್ಟ ಉತ್ತತ್ತಿಯನ್ನು ತೇರಿನತ್ತ ಎಸೆಯುವ ಮಗುವಿಗೆ ದಾಸೋಹವೂ ಗೊತ್ತಿಲ್ಲ, ಶರಣರೂ ಗೊತ್ತಿಲ್ಲ. ಎಸೆದದ್ದು ತೇರಿಗೆ ತಾಗಿತೇ ಎಂಬುದಷ್ಟೇ ಅದರ ಚಿಂತೆ. ಇದನ್ನು ಭಕ್ತಿ ಎನ್ನಲು ನಾನೂ ಒಪ್ಪುವುದಿಲ್ಲ. ಆದರೆ ಮಗುವಿಗೆ ಅಲ್ಲಿ ದಕ್ಕುವುದು ಬೇರೆಯೇ ಒಂದಿದೆ. ಮನೆಯಲ್ಲಿ ಕೊನೆಯ ಮಾತು ಅಪ್ಪನದು. ಅಂಥ ಅಪ್ಪ ಇನ್ನೊಂದಕ್ಕೆ ಕೈಮುಗಿದು ಸಣ್ಣವನಾಗಿ ನಿಲ್ಲುವುದನ್ನು ಅದು ಮೊದಲ ಸಲ ಕಾಣುತ್ತದೆ.

ಇದೇ ಊರಿನ ದರ್ಗಾದಲ್ಲಿ ಮಲಗಿರುವ ಸೂಫಿ ಸಂತ ಬಂದೇನವಾಜರ ಬಾಳು ಈ ಮಾತಿಗೆ ಒಳ್ಳೆಯ ಒರೆಗಲ್ಲು. 1321ರಲ್ಲಿ ದೆಹಲಿಯಲ್ಲಿ ಹುಟ್ಟಿದ ಅವರನ್ನು ಎಳೆಯ ವಯಸ್ಸಿನಲ್ಲೇ ತಂದೆ ಸೈಯದ್ ಯೂಸುಫ್ ದೌಲತಾಬಾದಿಗೆ ಕರೆತಂದರು. ಸಾವಿರ ಕಿಲೋಮೀಟರಿಗೂ ಮಿಕ್ಕ ಹಾದಿ, ನಡುವೆ ನರ್ಮದೆ. ಅದು ಯಾತ್ರೆಯೇನಲ್ಲ, ಮುಹಮ್ಮದ್ ಬಿನ್ ತುಘಲಕ್ ರಾಜಧಾನಿ ಬದಲಿಸಿದ್ದರಿಂದ ಬಂದ ವಲಸೆ. ಸುಲ್ತಾನನ ಅಪ್ಪಣೆಗೆ ಬಗ್ಗಿದ ತಂದೆಯನ್ನು ಕಂಡ ಮಗ ಭಯವನ್ನಲ್ಲದೆ ಮತ್ತೇನನ್ನು ಕಲಿತಾನು ಎಂದು ಯಾರಾದರೂ ಕೇಳಬಹುದು. ಮುಂದಿನದನ್ನು ನೋಡಿ. ತಂದೆ ಆ ನೆಲದಲ್ಲೇ ತೀರಿಕೊಂಡರು. ತಾಯಿಯೊಂದಿಗೆ ದೆಹಲಿಗೆ ಮರಳಿದ ಹುಡುಗ ನಸೀರುದ್ದೀನ್ ಚಿರಾಗ್ ದೆಹಲವಿಯವರನ್ನು ಗುರುವಾಗಿ ಒಪ್ಪಿಕೊಂಡ. ತಂದೆಯ ಜೊತೆಗಿನ ಪಯಣ ಮಗನ ದಾರಿಯನ್ನು ಕಟ್ಟಿಹಾಕಲಿಲ್ಲ. ತೈಮೂರನ ದಾಳಿಯ ಕಾಲಕ್ಕೆ ದೆಹಲಿ ಬಿಟ್ಟಾಗ ಅವರಿಗೆ ಎಂಬತ್ತರ ಹತ್ತಿರದ ವಯಸ್ಸು. ಆಗಲೂ ಅವರು ದೌಲತಾಬಾದಿನ ಪಕ್ಕದ ಖುಲ್ದಾಬಾದಿನಲ್ಲಿದ್ದ ತಂದೆಯ ಗೋರಿಯನ್ನು ಕಂಡೇ ಫಿರೋಜ್ ಷಾ ಬಹಮನಿಯ ಕಲಬುರಗಿಗೆ ಬಂದರು. 1422ರಲ್ಲಿ ಇಲ್ಲಿಯೇ ತೀರಿಕೊಂಡರು. ಬಾಲ್ಯದ ಆ ಹಾದಿಯೇ ಅವರನ್ನು ಸಂತರನ್ನಾಗಿಸಿತು ಎಂದರೆ ಅತಿಯಾದೀತು. ತಂದೆಯ ಸಂಗಡ ನಡೆದವನು ತಂದೆಯ ನೆರಳಾಗಿಯೇ ಉಳಿಯಬೇಕಿಲ್ಲ ಎನ್ನುವುದಕ್ಕಂತೂ ಇಷ್ಟು ಸಾಕು.

ಶರಣರ ಕಡೆಯಿಂದ ಬರುವ ಆಕ್ಷೇಪಣೆ ಇದಕ್ಕಿಂತ ಚೂಪು. ಬಸವಣ್ಣ ಎಂಟನೆಯ ವಯಸ್ಸಿಗೇ ಉಪನಯನ ಬೇಡವೆಂದು ಮನೆ ಬಿಟ್ಟರು ಎನ್ನುತ್ತದೆ ಪರಂಪರೆ. ಹುಟ್ಟಿನಿಂದ ಬಂದದ್ದನ್ನು ಕಳಚುವುದೇ ಅಲ್ಲಿ ಮೊದಲ ಹೆಜ್ಜೆ. ಸರಿಯೇ. ಆದರೆ ಅವರು ಬೇಡವೆಂದದ್ದು ಜನಿವಾರವನ್ನು, ಹುಟ್ಟಿನ ಹಮ್ಮನ್ನು. ತನಗಿಂತ ದೊಡ್ಡದೊಂದರ ಮುಂದೆ ಬಾಗುವುದನ್ನಲ್ಲ. ಮನೆ ಬಿಟ್ಟವರು ಸೇರಿದ್ದೂ ಕೂಡಲಸಂಗಮವನ್ನೇ.

ಹಾಗಾದರೆ ದೇವರೇ ಏಕೆ, ಚಿಂಚೋಳಿಯ ಕಾಡೋ ಒಂದು ಹೊಳೆಯೋ ಸಾಲದೇ ಎಂದು ಕೇಳಬಹುದು. ಭೀಮೆಯಲ್ಲಿ ಹರಿಗೋಲು ಹತ್ತಿದರೆ ಈಜು ಬಾರದ ಅಪ್ಪನೂ ಅಂಬಿಗನ ಹುಟ್ಟನ್ನೇ ನಂಬಿ ಕೂರಬೇಕು; ಅಪ್ಪನಿಗೂ ಮಿತಿಯಿದೆ ಎಂದು ಮಗುವಿಗೆ ಅಲ್ಲಿಯೂ ತಿಳಿಯುತ್ತದೆ. ಈ ವಾದದಲ್ಲಿ ಬಹುಪಾಲು ನಿಜವಿದೆ. ಗದ್ದಲದ ಜಾತ್ರೆಗಿಂತ ಹೊಳೆಯೇ ಲೇಸು ಎನಿಸುವ ದಿನಗಳೂ ಉಂಟು. ಆದರೂ ಒಂದು ವ್ಯತ್ಯಾಸ ಉಳಿಯುತ್ತದೆ. ಸೆಳವಿನ ಮುಂದೆ ಬಾಗದೆ ವಿಧಿಯಿಲ್ಲ. ತೇರಿನ ಮುಂದೆ, ದರ್ಗಾದ ಹೊಸ್ತಿಲಲ್ಲಿ ಅಪ್ಪನನ್ನು ಯಾರೂ ಬಾಗಿಸುತ್ತಿಲ್ಲ, ಅವನಾಗಿಯೇ ಬಾಗುತ್ತಾನೆ. ಬರೀ ರೂಢಿಗೆ ಬಂದವನಲ್ಲಿ, ಪಕ್ಕದ ಓಣಿಯವರ ದೇವರನ್ನು ಹಳಿಯುತ್ತಲೇ ಬಂದವನಲ್ಲಿ ಈ ಬಾಗುವಿಕೆಯೇ ಇರುವುದಿಲ್ಲ. ಅಂಥವನ ಹೆಗಲೇರಿದ ಮಗುವಿನ ಪರವಾಗಿ ವಿಚಾರವಾದಿ ಎತ್ತುವ ತಕರಾರಿಗೆ ನನ್ನಲ್ಲಿ ಉತ್ತರವಿಲ್ಲ.