ಮಹಜರಿನಲ್ಲಿ ಇಲ್ಲದ ಅಂಗಡಿ

ಹೊಸಪೇಟೆಯ ತುಂಗಭದ್ರಾ ಅಣೆಕಟ್ಟಿಗೆ 33 ಕ್ರೆಸ್ಟ್ ಗೇಟುಗಳು. ಮಲೆನಾಡಿನಲ್ಲಿ ಮಳೆ ಹಿಡಿದು, ಜಲಾಶಯ ತುಂಬಿ, ನದಿಗೆ ಬಿಡುವ ನೀರು ಹೆಚ್ಚುತ್ತ ಹೋದಂತೆ ಹಂಪಿಯ ಪುರಂದರ ಮಂಟಪ ಮುಳುಗುತ್ತದೆ, ತೆಪ್ಪಗಳು ದಡ ಸೇರುತ್ತವೆ, ಕಂಪ್ಲಿ-ಗಂಗಾವತಿ ಸೇತುವೆಯ ಮೇಲೆ ಸಂಚಾರ ನಿಲ್ಲುತ್ತದೆ. 2019ರ ಆಗಸ್ಟ್‌ನಲ್ಲಿ ವಿರೂಪಾಪುರ ಗಡ್ಡೆಯಲ್ಲಿ ಸಿಕ್ಕಿಕೊಂಡ ಪ್ರವಾಸಿಗರನ್ನು ಹೆಲಿಕಾಪ್ಟರ್ ತಂದು ಪಾರು ಮಾಡಬೇಕಾಯಿತು. ಮುಳುಗಿದ ಮಂಟಪದ ಚಿತ್ರ ಪತ್ರಿಕೆಯಲ್ಲಿ ಬರುತ್ತದೆ. ನದಿಯನ್ನೇ ನಂಬಿದ ಚಹಾದಂಗಡಿಯವನ ಲೆಕ್ಕ ಎಲ್ಲಿಯೂ ಬರುವುದಿಲ್ಲ.

ನೀರಿಳಿದ ಮೇಲೆ ಅಂಥವನು ಅರ್ಜಿ ಹಿಡಿದು ತಾಲ್ಲೂಕು ಕಚೇರಿಗೆ ಹೋಗುತ್ತಾನೆ. ರೈತನ ಬೆಳೆಗೆ ಪಹಣಿ ಇದೆ. 2022ರಿಂದ 2026ರ ಅವಧಿಗೆ ಕೇಂದ್ರ ನಿಗದಿಪಡಿಸಿದ ವಿಪತ್ತು ಪರಿಹಾರದ ಮಾನದಂಡದಲ್ಲಿ ನೀರಾವರಿ ಬೆಳೆಗೆ ಹೆಕ್ಟೇರಿಗೆ 17,000 ರೂಪಾಯಿ. ನೀರು ನುಗ್ಗಿದ ಮನೆಯ ಬಟ್ಟೆಬರೆಗೆ 2,500, ಪಾತ್ರೆ ಸಾಮಾನಿಗೆ 2,500. ನೇಕಾರರು, ಕರಕುಶಲಕರ್ಮಿಗಳ ಹಾಳಾದ ಸಲಕರಣೆಗೂ ಕಚ್ಚಾ ಮಾಲಿಗೂ ತಲಾ 5,000. ಮೊತ್ತ ಸಣ್ಣದೇ ಆದರೂ ಇವರ ನಷ್ಟಕ್ಕೊಂದು ಹೆಸರಿದೆ. ಅಂಗಡಿಯ ಸರಕಿಗೆ ಆ ಪಟ್ಟಿಯಲ್ಲಿ ಸಾಲೇ ಇಲ್ಲ. ಮಹಜರು ಬರೆಯಲು ಬಂದವರು ಒಳ್ಳೆಯವರಾಗಿದ್ದರೂ ಇಲ್ಲದ ಕಲಂ ತುಂಬಲು ಅವರಿಂದಾಗದು.

ಇದ್ದಿದ್ದರೂ ಸಾಕ್ಷಿ ಎಲ್ಲಿಂದ ತರುವುದು? ಸಣ್ಣ ವ್ಯಾಪಾರದ ಬಂಡವಾಳ ಅರ್ಧ ಸರಕಿನಲ್ಲಿ, ಇನ್ನರ್ಧ ಉದ್ರಿ ಪುಸ್ತಕದಲ್ಲಿ ಇರುತ್ತದೆ. ಸರಕು ನೆನೆದರೆ ಕೊಳೆತದ್ದನ್ನಾದರೂ ತೋರಿಸಬಹುದು. ಪುಸ್ತಕ ನೆನೆದರೆ ಯಾರು ಎಷ್ಟು ಕೊಡಬೇಕಿತ್ತು ಎಂಬುದಕ್ಕೆ ಉಳಿಯುವುದು ಗಿರಾಕಿಯ ಪ್ರಾಮಾಣಿಕತೆ ಮಾತ್ರ. ಸೇತುವೆ ಬಂದಾಗಿ ಆಚೆ ದಡದ ಗಿರಾಕಿ ಬಾರದೆ ಹೋದವನ ಕಥೆ ಇನ್ನೂ ಕಷ್ಟ. ಅವನ ಅಂಗಡಿಗೆ ಒಂದು ಹನಿಯೂ ನುಗ್ಗಿಲ್ಲ, ದುಡಿಮೆ ಮಾತ್ರ ಕೊಚ್ಚಿಹೋಗಿದೆ.

ಇಲ್ಲೊಂದು ಮೂಲಪ್ರಶ್ನೆಯಿದೆ. ಪರಿಹಾರ ಕೊಡುವುದು ಕರುಣೆಯಿಂದಲೋ, ಋಣದಿಂದಲೋ? ಮಳೆ ಯಾರ ಮಾತನ್ನೂ ಕೇಳುವುದಿಲ್ಲ, ಅದರ ಪೆಟ್ಟನ್ನು ವಿಧಿಯೆಂದು ನುಂಗಿಕೊಳ್ಳಬಹುದು. ಆದರೆ ಗೇಟು ತಾನಾಗಿ ಏಳುವುದಿಲ್ಲ. ಯಾವಾಗ, ಎಷ್ಟು ಎತ್ತಬೇಕೆಂದು ಮನುಷ್ಯರು ತೀರ್ಮಾನಿಸುತ್ತಾರೆ. 2024ರ ಆಗಸ್ಟ್ 10ರ ರಾತ್ರಿ 19ನೇ ಗೇಟು ಕೊಚ್ಚಿಹೋದಾಗ ಉಳಿದ ಗೇಟುಗಳನ್ನೂ ಎತ್ತಿ ಅಣೆಕಟ್ಟಿನ ಮೇಲಿನ ಒತ್ತಡ ಇಳಿಸಲಾಯಿತು. ಅಣೆಕಟ್ಟನ್ನು ಉಳಿಸಲು ಅದು ಸರಿಯಾದ ಕ್ರಮವೇ. ಆದರೂ ಎಲ್ಲರ ರಕ್ಷಣೆಗಾಗಿ ಬಿಟ್ಟ ನೀರಿನ ಹೊರೆಯನ್ನು ದಡದ ಕೆಲವರಷ್ಟೇ ಹೊತ್ತರೆ ಅವರಿಗೆ ಸಲ್ಲುವುದು ಭಿಕ್ಷೆಯಲ್ಲ, ಬಾಕಿ.

ಈ ಸೀಮೆಗೆ ಇದು ಹೊಸ ಪಾಠವಲ್ಲ. ಅಣೆಕಟ್ಟು ಕಟ್ಟಿದಾಗ ನಾರಾಯಣದೇವರಕೆರೆ ಮುಳುಗಿ, ಜನ ಮರಿಯಮ್ಮನಹಳ್ಳಿಗೆ ಬಂದು ಹೊಸದಾಗಿ ಬದುಕು ಹೂಡಿದರು. ಹೊಲ ಮನೆಗಳಿಗೆ ಬೆಲೆ ಕಟ್ಟಬಹುದು. ಒಂದು ಪೇಟೆಯಲ್ಲಿ ತಲೆಮಾರುಗಳಿಂದ ಕೂಡಿಬಂದ ನಂಬಿಕೆಗೆ, ಕೊಟ್ಟುಕೊಳ್ಳುವ ನಂಟಿಗೆ ಬೆಲೆ ಕಟ್ಟುವವರಾರು? ಕಾಯಕಕ್ಕೆ ಇಷ್ಟು ಮರ್ಯಾದೆ ಕೊಟ್ಟ ನಾಡಿನಲ್ಲಿ ಕಾಯಕದ ಜಾಗ ಹಾಳಾದದ್ದು ನಷ್ಟವೆನಿಸದಿದ್ದರೆ ಆ ಮರ್ಯಾದೆ ಬಾಯಿಮಾತಾಗುತ್ತದೆ.

ಎಲ್ಲ ನಷ್ಟವನ್ನೂ ಸರ್ಕಾರ ತುಂಬಿಕೊಡಲಾರದು, ನಿಜ. ಆದರೆ ಬರೆದುಕೊಳ್ಳಲು ಬೊಕ್ಕಸ ಬೇಕಿಲ್ಲ. ಹಣದ ಮಾತು ಆಮೇಲಿರಲಿ. ಮುಂದಿನ ಮಳೆಗಾಲಕ್ಕೆ ಮೊದಲು ಮಹಜರಿನ ನಮೂನೆಯಲ್ಲಿ ಅಂಗಡಿಗೆ, ತಳ್ಳುಗಾಡಿಗೆ, ತೆಪ್ಪಕ್ಕೆ ಒಂದೊಂದು ಸಾಲು ಸೇರಲಿ.