ಪಂಜರದೊಳಗಿನ ನಿಕ್ಷೇಪ

ಮೃಗಾಲಯವನ್ನು ನೋಡಿ ಬಂದ ಮೊಮ್ಮಗಳು, "ತಾತ, ಆ ರಣಹದ್ದು ಏನು ತಪ್ಪು ಮಾಡಿತ್ತು?" ಎಂದು ಕೇಳಿದಳು. "ಅದರ ಕುಲ ಅಳಿಯಬಾರದೆಂದು ಇಟ್ಟಿದ್ದಾರಮ್ಮ" ಎಂದೆನು. "ಅದು ಹದ್ದಿಗೆ ಗೊತ್ತೆ?" ಎಂದಳು. ಮೂವತ್ತೈದು ವರ್ಷ ಪಾಠ ಹೇಳಿದವನಿಗೆ ಉತ್ತರವು ತೋರಲಿಲ್ಲ.

ಕುಲದ ಉಳಿವಿಗಾಗಿ ನಿರಪರಾಧಿಯಾದ ಪ್ರಾಣಿಯನ್ನು ಬಂಧಿಸುವುದು ಧರ್ಮವೆ? ಜಾತಿಯು ನಿತ್ಯವೆಂದೂ, ವ್ಯಕ್ತಿಗಳು ಅಳಿದರೂ ಅದು ಅಳಿಯದೆಂದೂ ನೈಯಾಯಿಕರ ಮತ. ಘಟಗಳೆಲ್ಲ ಒಡೆದರೂ ಘಟತ್ವವುಂಟು; ಕುಂಬಾರನು ಬೇರೊಂದು ಘಟವನ್ನು ಮಾಡಿಯಾನು. ಪ್ರಾಣಿಗಳ ವಿಷಯದಲ್ಲಾದರೋ ಘಟವೇ ಕುಂಬಾರ. ಕಡೆಯದು ಒಡೆದರೆ ಮತ್ತೊಂದನ್ನು ಮಾಡುವವರಿಲ್ಲ.

ಅಮೆರಿಕಾದ ಕ್ಯಾಲಿಫೋರ್ನಿಯಾದಲ್ಲಿ ಈ ಪ್ರಶ್ನೆಯು ಪ್ರತ್ಯಕ್ಷವಾಗಿಯೇ ಎದುರಾಯಿತು. ಕಾಂಡೋರ್ ಎಂಬ ಅಲ್ಲಿಯ ಮಹಾಗೃಧ್ರಗಳಲ್ಲಿ ಸ್ವಚ್ಛಂದವಾಗಿ ಹಾರುತ್ತಿದ್ದ ಕಟ್ಟಕಡೆಯದನ್ನು 1987ರ ಏಪ್ರಿಲ್ ತಿಂಗಳಲ್ಲಿ ಹಿಡಿದರು. ಆಗ ಕುಲವೆಲ್ಲ ಸೇರಿ 27 ಪಕ್ಷಿಗಳು. ಆಕಾಶದಲ್ಲಿ ಒಂದೂ ಇಲ್ಲ. ಪಂಜರದಲ್ಲಿ ಬಾಳುವುದಕ್ಕಿಂತ ಮಾನದಿಂದ ಅಳಿಯುವುದೇ ಲೇಸೆಂದವರೂ ಇದ್ದರು. ಲಾಸ್ ಏಂಜಲೀಸ್ ಮತ್ತು ಸ್ಯಾನ್ ಡಿಯೇಗೋ ಮೃಗಾಲಯಗಳವರು, ಮರಿಗಳು ಮನುಷ್ಯನಿಗೆ ಒಗ್ಗಿಹೋಗದಂತೆ, ಕಾಂಡೋರಿನ ತಲೆಯಂತಹ ಗೊಂಬೆಯನ್ನು ಕೈಗೆ ತೊಟ್ಟು ಗುಟುಕು ಕೊಟ್ಟು ಸಾಕಿದರು. 1992ರಲ್ಲಿ ಬಿಡುಗಡೆಯು ಮೊದಲಾಯಿತು. ಕಡೆಗೆ ಸೆರೆಯಾದ ಆ ಪಕ್ಷಿಯೇ 15 ವರ್ಷಗಳ ತರುವಾಯ, 2002ರಲ್ಲಿ, ಮರಳಿ ಸ್ವತಂತ್ರವಾಯಿತು. ಇಂದು ಕುಲದ ಸಂಖ್ಯೆಯು 500ನ್ನು ಮೀರಿದೆ.

ಧರ್ಮಶಾಸ್ತ್ರದಲ್ಲಿ ನಿಕ್ಷೇಪವೆಂಬುದೊಂದುಂಟು, ನಂಬಿ ಇರಿಸಿದ ಒಡವೆಯೆಂದು ಅರ್ಥ. ಇಟ್ಟುಕೊಂಡವನು ಅದನ್ನು ಕಾಪಾಡಬೇಕು, ತಾನು ಭೋಗಿಸಲಾಗದು, ಕೇಳಿದಾಗ ಹಿಂದಿರುಗಿಸಬೇಕು. ಮೃಗಾಲಯದಲ್ಲಿರುವ ಪ್ರಾಣಿಯು ಕಾಡಿನ ನಿಕ್ಷೇಪ. ಕಾಡಿಗೆ ಕೇಳುವ ಬಾಯಿಲ್ಲವಾದುದರಿಂದ ನಮ್ಮ ಹೊಣೆಯು ಇಮ್ಮಡಿ. ಹಿಂದಿರುಗಿಸುವ ಸಂಕಲ್ಪವಿದ್ದರೆ ಬಂಧನವು ಆಪದ್ಧರ್ಮವೆನಿಸೀತು. ಇಲ್ಲವಾದರೆ ಅದು ನೋಟಕರ ವಿನೋದಮಾತ್ರ.

ಆದರೆ ಒಡವೆಯನ್ನು ಉರಿಯುವ ಮನೆಗೆ ಒಪ್ಪಿಸಿದರೆ ಫಲವೇನು? ಬೇಟೆಗಾರರ ಗುಂಡಿನ ಸೀಸವು ಕಳೇಬರಗಳ ಮೂಲಕ ಹೊಟ್ಟೆಗೆ ಸೇರಿ ಇಂದಿಗೂ ಕಾಂಡೋರುಗಳನ್ನು ಕೊಲ್ಲುತ್ತಿದೆ. 2019ರಿಂದ ಕ್ಯಾಲಿಫೋರ್ನಿಯಾದ ಬೇಟೆಯಲ್ಲೆಲ್ಲ ಸೀಸದ ಗುಂಡು ನಿಷಿದ್ಧ. ನಮ್ಮ ದೇಶದ ರಣಹದ್ದುಗಳ ಕಥೆಯೂ ಬೇರೆಯಲ್ಲ. ದನಗಳಿಗೆ ಕೊಡುತ್ತಿದ್ದ ಡೈಕ್ಲೋಫೆನಾಕ್ ಎಂಬ ಔಷಧವು ಸತ್ತ ದನದ ಮಾಂಸದಿಂದ ಅವುಗಳಿಗೆ ವಿಷವಾಯಿತು. 2006ರಲ್ಲಿ ಪಶುಚಿಕಿತ್ಸೆಗೆ ಅದನ್ನು ನಿಷೇಧಿಸಿದರು. ಪಂಜರದ ಬಾಗಿಲನ್ನು ತೆರೆಯುವುದು ಸುಲಭ. ಹೊರಗಣ ವಿಷವನ್ನು ತೆಗೆಯುವುದೇ ಕಷ್ಟ.

ಮೊಮ್ಮಗಳಿಗೆ ಈಗ ಹೀಗೆನ್ನುವೆನು: ತಪ್ಪು ಹದ್ದಿನದಲ್ಲ, ಮಗು, ನಮ್ಮದು. ನಾವು ಅದನ್ನು ತಿದ್ದಿಕೊಳ್ಳುವವರೆಗೆ ನಮ್ಮ ದಂಡನೆಯನ್ನು ಅದು ಅನುಭವಿಸುತ್ತಿದೆ.