ತಿದ್ದಿದ ಷಡ್ಜ

ಉದ್ಯೋಗದಿಂದ ನಿವೃತ್ತನಾದವನ ಬಳಿಗೆ ಹಳೆಯ ಹವ್ಯಾಸಗಳು ಒಂದೊಂದಾಗಿ ಹಿಂದಿರುಗಿ ಬರುತ್ತವೆ. ಕೆಲವರು ಹೂವಿನ ಗಿಡ ಬೆಳೆಸುತ್ತಾರೆ. ಕೆಲವರು ತೀರ್ಥಯಾತ್ರೆ ಹೊರಡುತ್ತಾರೆ. ನನ್ನ ಬಳಿಗೆ ಹಿಂದಿರುಗಿ ಬಂದದ್ದು ಮನೆಯಲ್ಲಿ ಕುಳಿತು ಹಾಡನ್ನು ಮುದ್ರಿಸಿಕೊಳ್ಳುವ ಗೀಳು. ಇದೇನು ಪತ್ರಿಕೆಯಲ್ಲಿ ಬರೆಯತಕ್ಕ ವಿಷಯವೇ ಎಂದು ವಾಚಕರಿಗೆ ತೋರಬಹುದು. ಆದರೆ ಈ ಅಲ್ಪ ವ್ಯವಹಾರದ ನಡುವೆಯೇ, ಸತ್ಯವೆಂದರೆ ಏನು ಎಂಬ ಹಳೆಯ ಪ್ರಶ್ನೆ ನನಗೆ ಅಡ್ಡವಾಗಿ ಬಂದು ನಿಂತಿತು. ಆದುದರಿಂದ ಅದನ್ನು ಇಲ್ಲಿ ನಿವೇದಿಸಿಕೊಳ್ಳುತ್ತೇನೆ.

ನಾನು ಪಾಠಶಾಲೆಯಿಂದ ಹೊರಬಂದು ಸಂಸ್ಕೃತ ಉಪಾಧ್ಯಾಯನಾದ ಹೊಸದರಲ್ಲಿ, 1983ರಲ್ಲಿ, ಸಂಬಳದಲ್ಲಿ ಉಳಿಸಿ ಒಂದು ಟೇಪ್ ರೆಕಾರ್ಡರನ್ನು ಕೊಂಡುಕೊಂಡೆನು. ಫಿಲಿಪ್ಸ್ ಸಂಸ್ಥೆಯವರು 1963ರಲ್ಲಿ ಹೊರತಂದ ಕ್ಯಾಸೆಟ್ಟು ಅಷ್ಟು ಹೊತ್ತಿಗೆ ಹಳ್ಳಿಯ ಅಂಗಡಿಗೂ ಬಂದಿದ್ದಿತು. ಸೆಕೆಂಡಿಗೆ ಐದು ಸೆಂಟಿಮೀಟರಿಗಿಂತ ತುಸು ಕಡಿಮೆ ವೇಗದಲ್ಲಿ ಓಡುವ ಆ ಸಣ್ಣ ಪಟ್ಟಿಯ ಮೇಲೆ ನನ್ನ ಹಾಡು, ನಮ್ಮ ತಾಯಿಯವರ ಹಾಡು, ನೆರೆಹೊರೆಯವರ ಭಜನೆ, ಎಲ್ಲವನ್ನೂ ತುಂಬಿದೆನು. ಸುಮಾರು ಹತ್ತು ವರ್ಷಗಳ ಮೇಲೆ ಯಂತ್ರದ ಬೆಲ್ಟು ಸಡಿಲವಾಯಿತು. ಮಕ್ಕಳ ವಿದ್ಯಾಭ್ಯಾಸ, ಮನೆಯ ಸಾಲ ಇವುಗಳ ನಡುವೆ ನನ್ನ ಉತ್ಸಾಹವೂ ಸಡಿಲವಾಯಿತು. 2018ರಲ್ಲಿ ನಿವೃತ್ತನಾದ ಮೇಲೆ ಒಂದು ದಿನ ಅಟ್ಟದಿಂದ ಆ ಕ್ಯಾಸೆಟ್ಟುಗಳ ಡಬ್ಬಿಯನ್ನು ಕೆಳಗಿಳಿಸಿದಾಗ, ಬಿಟ್ಟುಹೋದ ಎಳೆ ಮತ್ತೆ ಕೈಗೆ ಸಿಕ್ಕಿತು.

ಈಗ ಪಟ್ಟಿಯೂ ಇಲ್ಲ, ಬೆಲ್ಟೂ ಇಲ್ಲ. ಒಂದು ಮೈಕು, ಒಂದು ಕಂಪ್ಯೂಟರು. ಅದರಲ್ಲಿ 2000ದಲ್ಲಿ ಮೊದಲು ಬಿಡುಗಡೆಯಾಗಿ ಇಂದಿಗೂ ಹಣವಿಲ್ಲದೆ ದೊರೆಯುವ ಆಡಾಸಿಟಿ ಎಂಬ ಸಾಧನ. ಧ್ವನಿಯನ್ನು ಸೆಕೆಂಡಿಗೆ 44,100 ಸಲ ಅಳೆದು ಅಂಕೆಗಳಾಗಿ ಬರೆದಿಡುವುದು ಇದರ ಕ್ರಮ. ಈ ವಿದ್ಯೆಯಲ್ಲಿ ನನಗೆ ಗುರು ಹೈಸ್ಕೂಲಿನಲ್ಲಿ ಓದುವ ನನ್ನ ಮೊಮ್ಮಗಳು. ಮುದ್ರಿಸಿದ್ದನ್ನು ಮೊದಲ ದಿನ ಕೇಳಿಸಿದಾಗ ಅವಳು, “ತಾತ, ಹಿಂದೆ ಸುಯ್ ಅನ್ನುತ್ತಿದೆಯಲ್ಲ, ನಿಮಗೆ ಕೇಳಿಸುವುದಿಲ್ಲವೆ?” ಎಂದಳು. ನನಗೆ ಕೇಳಿಸಲಿಲ್ಲ. ವಯಸ್ಸಾದಂತೆ ಕಿವಿಯು ಮೊದಲು ಕಳೆದುಕೊಳ್ಳುವುದು ಅತಿ ತಾರವಾದ ಧ್ವನಿಗಳನ್ನು. ನನ್ನ ಕಿವಿಗೆ ನಿಶ್ಶಬ್ದವಾಗಿದ್ದ ಕಡೆ ಅವಳ ಕಿವಿಗೆ ಶಬ್ದವಿದ್ದಿತು. ಈ ಸಂಗತಿಯನ್ನು ವಾಚಕರು ನೆನಪಿನಲ್ಲಿಡಬೇಕು; ಮುಂದೆ ಇದರಿಂದ ಪ್ರಯೋಜನವಿದೆ.

ಇನ್ನು ಪ್ರಕೃತ ವಿಷಯ. ದಾಸರ ಪದವೊಂದನ್ನು ಯೌವನದಲ್ಲಿ ಹಾಡುತ್ತಿದ್ದ ಎರಡು ಮನೆ ಶ್ರುತಿಯಲ್ಲಿಯೇ ಹಾಡಿ ಮುದ್ರಿಸಲು ತೊಡಗಿದೆನು. ಚರಣದಲ್ಲಿ ಒಂದು ಕಡೆ ತಾರಷಡ್ಜವನ್ನು ಮುಟ್ಟಿ ನಿಲ್ಲಬೇಕು. ಹನ್ನೊಂದು ಸಲ ಹಾಡಿದೆನು. ಹನ್ನೊಂದು ಸಲವೂ ಸ್ವರವು ನೆತ್ತಿಗೆ ಒಂದು ಗೇಣು ಕೆಳಗೆ ನಿಂತಿತು. ಮೊಮ್ಮಗಳು ಅಳತೆ ನೋಡಿ, ಒಂದು ಸ್ವರಕ್ಕೂ ಅದರ ಪಕ್ಕದ ಸ್ವರಕ್ಕೂ ಇರುವ ಅಂತರವನ್ನು ನೂರು ಪಾಲು ಮಾಡಿದರೆ ಮೂವತ್ತು ಪಾಲು ಕಡಮೆಯಾಗಿದೆ ಎಂದಳು. ಆ ಮೇಲೆ ಅಷ್ಟು ಭಾಗವನ್ನು ಮಾತ್ರ ಗುರುತು ಮಾಡಿ, ಮೂವತ್ತು ಪಾಲು ಮೇಲಕ್ಕೆತ್ತಿ, “ಈಗ ಕೇಳಿ ತಾತ” ಎಂದಳು. ಷಡ್ಜವು ದೀಪದಂತೆ ನಿಂತಿದ್ದಿತು. ಕೆಲಸ ಹಿಡಿದದ್ದು ಒಂದು ನಿಮಿಷ.

ಅದನ್ನು ಬಾಲ್ಯಸ್ನೇಹಿತರೊಬ್ಬರಿಗೆ ಕಳುಹಿಸಿದೆನು. ಅವರು ಕ್ರಮವಾಗಿ ಸಂಗೀತ ಕಲಿತವರು. ನನ್ನಂತೆ ಕೇಳಿ ಕಲಿತವರಲ್ಲ. ಸಂಜೆ ಮನೆಗೆ ಬಂದು, “ಏನಯ್ಯಾ, ಈ ವಯಸ್ಸಿನಲ್ಲಿ ಆ ಷಡ್ಜದಲ್ಲಿ ಹಾಗೆ ನಿಂತೆಯಲ್ಲ! ನನಗೇ ಆಗುವುದಿಲ್ಲ” ಎಂದರು. ಹಾಡಿನಲ್ಲಿ ನನ್ನದಲ್ಲದ ಸ್ಥಳವೆಂದರೆ ಅದೊಂದೇ. ಅದನ್ನೇ ಅವರು ಹೊಗಳಿದರು. ನಾನು ನಕ್ಕು ಸುಮ್ಮನಾದೆನು. ಆ ರಾತ್ರಿ ನಿದ್ರೆ ಸರಿಯಾಗಿ ಬರಲಿಲ್ಲ.

ನಾನು ಮಾಡಿದ್ದು ತಪ್ಪೆ? ಮೊದಲು ಪೂರ್ವಪಕ್ಷವನ್ನು ಪೂರ್ಣವಾಗಿ ಹೇಳುತ್ತೇನೆ. ಏಕೆಂದರೆ ಅದು ಬಲವಾದದ್ದೇ.

ಒಂದನೆಯದಾಗಿ, ನಾನು ಕನ್ನಡಕವಿಲ್ಲದೆ ಸಾಹಿತ್ಯವನ್ನು ಓದಲಾರೆ. ಕಟ್ಟಿಸಿದ ಹಲ್ಲುಗಳಿಲ್ಲದೆ ಸಕಾರವನ್ನು ನುಡಿಯಲಾರೆ. ತಂಬೂರಿಯ ಬದಲು ವಿದ್ಯುತ್ತಿನ ಶ್ರುತಿಪೆಟ್ಟಿಗೆಯನ್ನು ಇಟ್ಟುಕೊಂಡಿದ್ದೇನೆ. ಇವುಗಳನ್ನು ಯಾರೂ ಮೋಸವೆನ್ನುವುದಿಲ್ಲ. ಕಣ್ಣಿಗೆ ಗಾಜು ಆಗಬಹುದಾದರೆ ಕಂಠಕ್ಕೆ ಗಣಿತವೇಕೆ ಆಗಬಾರದು?

ಎರಡನೆಯದಾಗಿ, ಧ್ವನಿಮುದ್ರಣವು ಇದ್ದದ್ದನ್ನು ಇದ್ದಂತೆ ತೋರಿದ್ದು ಯಾವಾಗ? 1902ರಲ್ಲಿ ಕಲ್ಕತ್ತೆಯಲ್ಲಿ ಗೌಹರ್ ಜಾನ್ ಅವರ ಗಾನವನ್ನು ಗ್ರಾಮಫೋನಿಗೆ ಮುದ್ರಿಸಿದಾಗ, ಗಂಟೆಗಟ್ಟಲೆ ಬೆಳೆಯಬಹುದಾದ ರಾಗವನ್ನು ಮೂರು ನಿಮಿಷದ ಚಿಪ್ಪಿನೊಳಗೆ ಅಡಗಿಸಬೇಕಾಯಿತು. ತಗಡಿನ ಕಹಳೆಯೊಳಕ್ಕೆ ಗಟ್ಟಿಯಾಗಿ ಹಾಡಬೇಕಾಯಿತು. ಆ ಮಹಾಗಾಯಕಿ ಕಡೆಗೆ ಮೈಸೂರು ಅರಮನೆಯ ಆಶ್ರಯಕ್ಕೆ ಬಂದು 1930ರಲ್ಲಿ ಮೈಸೂರಿನಲ್ಲಿಯೇ ತೀರಿಕೊಂಡರು. ಆಕೆಯ ಗಾನವೆಂದು ನಮಗೆ ಉಳಿದಿರುವುದು ಆ ಸಂಕೋಚಗೊಂಡ ರೂಪವೇ. ಪಶ್ಚಿಮದಲ್ಲಿ ಗ್ಲೆನ್ ಗೂಲ್ಡ್ ಎಂಬ ಪಿಯಾನೋ ವಾದಕನು 1964ರಲ್ಲಿ ಸಭಾವಾದನವನ್ನೇ ತ್ಯಜಿಸಿದನು. ಬೇರೆ ಬೇರೆ ಸಲ ನುಡಿಸಿದ ತುಣುಕುಗಳನ್ನು ಜೋಡಿಸಿ ಒಂದು ಕೃತಿಯನ್ನು ಸಿದ್ಧಪಡಿಸುವುದು ನ್ಯಾಯವೆಂದೇ ವಾದಿಸಿದನು. ಭೂಮಿಯೊಳಗಿನ ಕಂಪನಗಳನ್ನು ಪರಿಶೀಲಿಸುವ ಕೆಲಸದಲ್ಲಿದ್ದ ಆಂಡಿ ಹಿಲ್ಡೆಬ್ರಾಂಡ್ ಎಂಬ ಎಂಜಿನಿಯರು 1997ರಲ್ಲಿ ಆಟೋ-ಟ್ಯೂನ್ ಎಂಬ ಸಾಧನವನ್ನು ತಂದ ಮೇಲಂತೂ, ಕಂಠವನ್ನು ತಿದ್ದುವುದು ಆ ವೃತ್ತಿಯಲ್ಲಿ ಸಾಮಾನ್ಯವೇ ಆಯಿತು.

ಮೂರನೆಯದಾಗಿ, ಇದರಿಂದ ಯಾರಿಗೆ ಹಾನಿ? ನಾನು ಹಾಡಿ ಹಣ ಗಳಿಸುವವನಲ್ಲ. ಸ್ನೇಹಿತರಿಗೆ ಸಂತೋಷವಾಯಿತು, ನನಗೂ ಆಯಿತು.

ಇದಕ್ಕೆ ಸಂಗೀತರಸಿಕರು ಸಾಮಾನ್ಯವಾಗಿ ಕೊಡುವ ಉತ್ತರವೊಂದಿದೆ: ತಿದ್ದಿದ ಸ್ವರದಲ್ಲಿ ಜೀವವಿರುವುದಿಲ್ಲ, ಬಲ್ಲವರ ಕಿವಿ ಅದನ್ನು ಕಂಡುಹಿಡಿಯುತ್ತದೆ ಎಂಬುದು. ತೋಡಿಯ ಗಾಂಧಾರದಂತೆ ತೂಗಾಡುವ ಸ್ವರದ ವಿಷಯದಲ್ಲಿ ಇದು ನಿಜ. ಗಮಕವನ್ನು ಹನ್ನೆರಡು ಮೆಟ್ಟಿಲುಗಳ ಮೇಲೆ ಕೂಡಿಸಹೋದರೆ ರಾಗವೇ ಕೆಡುತ್ತದೆ. ಆದರೆ ಷಡ್ಜವು ಅಚಲಸ್ವರ. ಬಲ್ಲವರ ಕಿವಿಯೂ ಅದನ್ನು ಕಂಡುಹಿಡಿಯಲಿಲ್ಲ. ನಾನೇ ಕಣ್ಣು ಮುಚ್ಚಿ ಕೇಳಿದೆನು, ನನಗೂ ತಿಳಿಯಲಿಲ್ಲ. ಆದುದರಿಂದ ಕಿವಿಯ ಸಾಕ್ಷ್ಯವನ್ನು ನಂಬಿ ಕಟ್ಟಿದ ನೀತಿ ನಿಲ್ಲುವುದಿಲ್ಲ. ತಪ್ಪು ತಿಳಿದುಬರುತ್ತದೆ ಎಂಬ ಕಾರಣಕ್ಕೆ ಅದು ತಪ್ಪಾಗುವುದಾದರೆ, ಯಂತ್ರವು ಸುಧಾರಿಸಿದಂತೆಲ್ಲ ಪಾಪವು ಪುಣ್ಯವಾಗುತ್ತ ಹೋಗಬೇಕಾಗುತ್ತದೆ. ನನ್ನ ಕಿವಿಗೆ ಕೇಳಿಸದಿದ್ದ ಮಾತ್ರಕ್ಕೆ ಆ ಸುಯ್ಯೆಂಬ ಶಬ್ದವು ಇಲ್ಲದೆ ಹೋಗಲಿಲ್ಲವಷ್ಟೆ.

ಹಾಗಾದರೆ ಆಧಾರವೆಲ್ಲಿ? ಯೋಗಸೂತ್ರಗಳ ಭಾಷ್ಯದಲ್ಲಿ ವ್ಯಾಸರು ಸತ್ಯದ ಲಕ್ಷಣವನ್ನು ಹೇಳುವಾಗ ಮಾತಿನ ಪ್ರಯೋಜನವನ್ನು ಮುಂದಿಡುತ್ತಾರೆ. ನಮ್ಮಲ್ಲಿರುವ ತಿಳಿವಳಿಕೆಯು ಇನ್ನೊಬ್ಬರಲ್ಲಿ ಸಂಕ್ರಮಿಸಲೆಂದು ಮಾತನಾಡುವುದು. ಅದು ಕೇಳಿದವರನ್ನು ವಂಚಿಸಕೂಡದು, ಭ್ರಾಂತಿಗೆ ಒಳಗುಮಾಡಕೂಡದು ಎಂಬುದು ಅದರ ಅಭಿಪ್ರಾಯ. ಈ ಒರೆಗಲ್ಲಿಗೆ ಹಚ್ಚಿ ನೋಡೋಣ. ನಾನು ಸುಳ್ಳು ಮಾತನ್ನು ಒಂದನ್ನೂ ಆಡಿರಲಿಲ್ಲ. ಆದರೂ ನನ್ನಲ್ಲಿದ್ದ ತಿಳಿವಳಿಕೆ “ಸ್ವರ ಮುಟ್ಟಲಿಲ್ಲ” ಎಂಬುದು. ಸ್ನೇಹಿತರಲ್ಲಿ ಮೂಡಿದ ತಿಳಿವಳಿಕೆ “ಸ್ವರ ಮುಟ್ಟಿತು” ಎಂಬುದು. ನಾನು ನಕ್ಕು ಸುಮ್ಮನಾದಾಗ ಆ ನಗೆಯೇ ಅಸತ್ಯವಾಯಿತು. ದೋಷವು ಯಂತ್ರದಲ್ಲಿಲ್ಲ, ಮುಚ್ಚಿಟ್ಟದ್ದರಲ್ಲಿದೆ. ಕನ್ನಡಕವು ಎಲ್ಲರಿಗೂ ಕಾಣುವಂತೆ ನನ್ನ ಮೂಗಿನ ಮೇಲೆಯೇ ಕುಳಿತಿದೆ. ಗೂಲ್ಡನು ತನ್ನ ಕ್ರಮವನ್ನು ಲೋಕಕ್ಕೆ ಸಾರಿದನು. ಅವರ ದೃಷ್ಟಾಂತದಿಂದ ನನಗೆ ರಕ್ಷಣೆ ದೊರೆಯುವುದಿಲ್ಲ.

ತಿದ್ದುವವನು ಹೇಗೆ ನಡೆದುಕೊಳ್ಳಬೇಕೆಂಬುದಕ್ಕೆ ಗ್ರಂಥಸಂಪಾದಕರಲ್ಲಿ ಒಳ್ಳೆಯ ಸಂಪ್ರದಾಯವಿದೆ. ಪುಣೆಯ ಭಾಂಡಾರ್ಕರ್ ಸಂಸ್ಥೆಯವರು 1919ರಲ್ಲಿ ಆರಂಭಿಸಿ 1966ರಲ್ಲಿ ಮುಗಿಸಿದ ಮಹಾಭಾರತದ ಪರಿಷ್ಕರಣವನ್ನು ನೋಡಿದವರಿಗೆ ಇದು ತಿಳಿದಿರುತ್ತದೆ. ಅಲ್ಲಿ ಸಂಪಾದಕರು ತಮ್ಮ ಬುದ್ಧಿಯಿಂದ ಪಾಠವನ್ನು ನಿರ್ಣಯಿಸುತ್ತಾರೆ. ಆದರೆ ತಳ್ಳಿದ ಪಾಠಾಂತರಗಳನ್ನು ಪುಟದ ಕೆಳಗೆ ಕೊಡುತ್ತಾರೆ. ನಿಶ್ಚಯವು ಸಾಲದಿರುವ ಪದದ ಕೆಳಗೆ ಅಲೆಅಲೆಯಾದ ಗೆರೆಯನ್ನು ಎಳೆಯುತ್ತಾರೆ. ತಿದ್ದುವ ಅಧಿಕಾರವುಂಟು, ತಿದ್ದಿದ್ದನ್ನು ಮರೆಮಾಚುವ ಅಧಿಕಾರವಿಲ್ಲ ಎಂಬುದೇ ಆ ಗೆರೆಯ ತಾತ್ಪರ್ಯ. ನನ್ನ ಷಡ್ಜದ ಕೆಳಗೆ ಅಂಥ ಗೆರೆಯಿರಲಿಲ್ಲ.

ಈ ವಿಚಾರವು ತಾಯಿಯವರ ಕ್ಯಾಸೆಟ್ಟಿನ ಬಳಿ ಬಂದಾಗ ಮತ್ತಷ್ಟು ಸೂಕ್ಷ್ಮವಾಯಿತು. 1985ರ ಗೌರೀಹಬ್ಬದ ದಿನ ಅವರು ಹಾಡಿದ ಆರತಿಹಾಡು ಅದು. ಸುತ್ತಿಟ್ಟ ಪಟ್ಟಿಯಲ್ಲಿ ಒಂದು ಸುತ್ತಿನ ಕಾಂತಗುಣವು ಪಕ್ಕದ ಸುತ್ತಿಗೆ ಅಂಟುವುದರಿಂದ, ಅವರು ಆರಂಭಿಸುವುದಕ್ಕೆ ಒಂದು ಕ್ಷಣ ಮೊದಲೇ ಅವರ ಧ್ವನಿಯ ಛಾಯೆ ಕೇಳಿಬರುತ್ತದೆ. ನಡುವೆ ಒಂದು ಕೆಮ್ಮಿದೆ. ಶ್ರುತಿಯ ಆಸರೆಯಿಲ್ಲದೆ ಹಾಡಿದ್ದರಿಂದ ಷಡ್ಜವು ನುಡಿನುಡಿಗೂ ತುಸು ತುಸುವೇ ಏರುತ್ತ, ಹಾಡು ಮುಗಿಯುವ ಹೊತ್ತಿಗೆ ಅರ್ಧ ಮನೆಯಷ್ಟು ಮೇಲೆ ಹೋಗಿದೆ. ನನ್ನ ತಮ್ಮನ ಮಗನು, “ದೊಡ್ಡಪ್ಪ, ಎಲ್ಲವನ್ನೂ ಸರಿಮಾಡಿಸಿ ಕೊಡಿ, ಮದುವೆಯಲ್ಲಿ ಕೇಳಿಸೋಣ” ಎಂದು ಕೇಳಿಕೊಂಡನು.

ನಾನು ಎರಡು ಬಗೆಯ ದೋಷಗಳನ್ನು ಬೇರ್ಪಡಿಸಿದೆನು. ಪಟ್ಟಿಯು ಕೂಡಿಸಿದ್ದು ಪಟ್ಟಿಯದು: ಸುಯ್ಯೆಂಬ ಶಬ್ದವನ್ನು ಮೊಮ್ಮಗಳ ಕಿವಿಯನ್ನು ನಂಬಿ ತಗ್ಗಿಸಿದೆನು, ಮುಂಚೆ ಬರುವ ಛಾಯೆಯನ್ನು ತೆಗೆದೆನು. ತಾಯಿಯವರು ಕೊಟ್ಟದ್ದು ತಾಯಿಯವರದು: ಕೆಮ್ಮನ್ನೂ ಏರಿದ ಷಡ್ಜವನ್ನೂ ಮುಟ್ಟಲಿಲ್ಲ. ನನ್ನ ಕಂಠವನ್ನು ತಿದ್ದಿದರೆ ನಾನು ಬಾಯಿಬಿಟ್ಟು ಹೇಳಿಕೊಳ್ಳಬಲ್ಲೆ. ಅವರ ಕಂಠವನ್ನು ತಿದ್ದಿದರೆ “ನಾನು ಹೀಗೆ ಹಾಡಲಿಲ್ಲವಪ್ಪ” ಎನ್ನಲು ಅವರಿಲ್ಲ. ಒಲೆಯ ಮುಂದೆಯೂ ಒರಳಿನ ಮುಂದೆಯೂ ಹಾಡಿಕೊಂಡವರ ಹಾಡು ಹಾಗೆಯೇ ಏರುತ್ತಿದ್ದಿತು. ಅದನ್ನು ಸಮಮಾಡಿ ಕೊಟ್ಟರೆ, ಮುಂದಿನ ಮಕ್ಕಳು ಕೇಳುವುದು ಎಂದೂ ಇರದಿದ್ದ ಒಬ್ಬ ಅಜ್ಜಿಯನ್ನು. ಹುಡುಗನಿಗೆ ಇದು ಅಷ್ಟಾಗಿ ಹಿಡಿಸಲಿಲ್ಲ. ಮದುವೆಯಲ್ಲಿ ಬೇರೆ ಹಾಡುಗಳನ್ನು ಕೇಳಿಸಿದರು.

ತಾಯಿಯ ಹಾಡಿಗೆ ಇಷ್ಟು ನಿಷ್ಠೆ ತೋರಿದವನು ಸ್ನೇಹಿತರ ಮುಂದೆ ಸುಮ್ಮನಿರುವುದು ಹೇಗೆ? ಒಂದು ವಾರ ಕಳೆದ ಮೇಲೆ ಅವರ ಮನೆಗೆ ಹೋಗಿ ಇದ್ದದ್ದನ್ನು ಹೇಳಿದೆನು. ಅವರು ಕೋಪಿಸಿಕೊಳ್ಳುವರೆಂದು ಹೆದರಿದ್ದೆನು. ನಗುವರೆಂದು ಅದಕ್ಕಿಂತ ಹೆಚ್ಚಾಗಿ ಹೆದರಿದ್ದೆನು. ಅವರು ಎರಡನ್ನೂ ಮಾಡದೆ, “ನೀನು ಹಾಡಿದ್ದನ್ನು ಕೇಳಿಸು” ಎಂದರು. ತಿದ್ದದ ಮುದ್ರಣವನ್ನು ಕೇಳಿಸಿದೆನು. ತಲೆತಗ್ಗಿಸಿ ಪೂರ್ತಿಯಾಗಿ ಕೇಳಿ, “ಅಲ್ಲಯ್ಯಾ, ಇನ್ನೂ ಎರಡು ಮನೆಯಲ್ಲಿಯೇ ಹಾಡುತ್ತೀಯಾ? ಆ ಕಾಲ ಹೋಯಿತು. ಒಂದು ಮನೆಗೆ ಇಳಿಸಿಕೊ. ಬೆಳಿಗ್ಗೆ ಹೊತ್ತು ಮಂದ್ರದಲ್ಲಿ ಸಾಧನೆ ಮಾಡು” ಎಂದರು.

ಪಾಠಶಾಲೆಯಲ್ಲಿ ನಮಗೆ ಸಂಥೆ ಹೇಳುತ್ತಿದ್ದ ಗುರುಗಳ ನೆನಪಾಯಿತು. ಒಂದು ಸ್ವರ ತಪ್ಪಿದರೆ ಅವರು ಆ ಅಕ್ಷರವನ್ನು ಮಾತ್ರ ಸರಿಪಡಿಸಿ ಮುಂದಕ್ಕೆ ಬಿಡುತ್ತಿರಲಿಲ್ಲ. ಅನುವಾಕದ ಮೊದಲಿನಿಂದ ಮತ್ತೆ ಹೇಳಿಸುತ್ತಿದ್ದರು. ಆಗ ಅದು ಶಿಕ್ಷೆಯೆಂದು ತಿಳಿದಿದ್ದೆನು. ಆದರೆ ತಪ್ಪು ಅವರ ಕಿವಿಗೆ ಬಿದ್ದಿತು ಎಂಬುದರಿಂದಲ್ಲವೆ ನಾನು ಕಲಿತದ್ದು? ತಿದ್ದಿದ ಷಡ್ಜವು ಕಸಿದುಕೊಳ್ಳಲಿದ್ದದ್ದು ಅದನ್ನೇ. ಅದನ್ನು ಕೇಳಿದ ಸ್ನೇಹಿತರಿಂದ ನನಗೆ ಹೊಗಳಿಕೆ ದೊರೆಯಿತು. ತಿದ್ದದ್ದನ್ನು ಕೇಳಿದ ಅದೇ ಸ್ನೇಹಿತರಿಂದ ಉಪಾಯ ದೊರೆಯಿತು. ಹಾನಿ ಯಾರಿಗೆ ಎಂದು ಕೇಳಿದ ಮೂರನೆಯ ಪೂರ್ವಪಕ್ಷಕ್ಕೆ ಉತ್ತರವೂ ಇದೇ: ಹಾನಿ ನನಗೆ. ಅರವತ್ತು ದಾಟಿದವನಿಗೆ ತಪ್ಪನ್ನು ಎತ್ತಿ ಹೇಳುವವರೇ ವಿರಳ; ಇರುವ ಒಬ್ಬರ ಬಾಯನ್ನೂ ನಾನಾಗಿ ಮುಚ್ಚಿದ್ದೆನು.

ಈಗ ಒಂದು ಮನೆ ಶ್ರುತಿಯಲ್ಲಿ ಹಾಡುತ್ತೇನೆ. ತಾರಷಡ್ಜವು ಹತ್ತರಲ್ಲಿ ಆರು ಸಲ ಸಿಕ್ಕುತ್ತದೆ. ಅನೇಕ ಸಲ ಹಾಡಿ ಒಳ್ಳೆಯದೊಂದನ್ನು ಆರಿಸಿಕೊಳ್ಳುವುದನ್ನು ನಾನು ಬಿಟ್ಟಿಲ್ಲ. ಅದರಲ್ಲಿರುವುದೆಲ್ಲ ನನ್ನ ಕಂಠದಿಂದ ನಡೆದದ್ದೇ ಆದುದರಿಂದ ಅದು ದೋಷವೆಂದು ನನಗೆ ತೋರಲಿಲ್ಲ. ಆದರೂ ಯಾರಾದರೂ ಕೇಳಿದರೆ ಎಷ್ಟನೆಯ ಸಲದ್ದೆಂದು ಹೇಳುತ್ತೇನೆ. ಮೊಮ್ಮಗಳು ಪ್ರತಿಯೊಂದು ಮುದ್ರಣದ ಹೆಸರಿನ ಮುಂದೆ ಆ ಸಂಖ್ಯೆಯನ್ನು ಬರೆದಿಡುತ್ತಾಳೆ. ಮೊನ್ನೆಯದರ ಮುಂದೆ ಏಳು ಎಂದಿದೆ.